ಊಟಕ್ಕೆ ಬಾರದ ಹೆಂಗಸು

"ಗುರುಗಳೇ, ಕೊಟ್ಟ ರೊಟ್ಟಿಯನ್ನು ಹಸಿದವರೇ ಬೇಡವೆಂದರೆ ಅದು ಅಹಂಕಾರವಲ್ಲವೇ?" ಎಂದು ಅಡಿವೆಯ್ಯ ಕೇಳಿದ.

ಹೊಳೆ ಬಂದು ಊರು ಮುಳುಗಿದವರಿಗೆ ಮಠದಿಂದ ಬುತ್ತಿ ಹೊತ್ತುಕೊಂಡು ಹೋಗಿದ್ದ ಶಿಷ್ಯ ಅವನು. ಮೂರು ಹರದಾರಿ ಕೆಸರು ತುಳಿದಿದ್ದ. ಎಲ್ಲರ ಪಕ್ಕದಲ್ಲೂ ಕೂತು ಕಷ್ಟಸುಖ ವಿಚಾರಿಸಿದ್ದ. ಆದರೂ ಒಬ್ಬ ಮುದುಕ ಮುಖ ತಿರುಗಿಸಿ, ಕೊಟ್ಟ ರೊಟ್ಟಿಯನ್ನು ಹಿಂದಕ್ಕೆ ತಳ್ಳಿದ್ದ. ಅದು ಅವನ ಮನಸ್ಸಿಗೆ ಚುಚ್ಚುತ್ತಿತ್ತು.

ಗುರುಗಳು ಕೂತುಕೋ ಎಂದರು. ಅವನು ಕೂತ ಮೇಲೆ ಹೇಳತೊಡಗಿದರು.

ಒಂದು ಹೊಳೆಯ ದಂಡೆಗೆ ಎರಡು ಊರುಗಳಿದ್ದವು. ಒಂದು ದಿಬ್ಬದ ಮೇಲೆ, ಇನ್ನೊಂದು ತಗ್ಗಿನಲ್ಲಿ. ಬರ ಬಿದ್ದ ವರ್ಷ ತಗ್ಗಿನವರು ದಿಬ್ಬದವರಿಗೆ ಮೇವು, ನೀರು ಕೊಡುತ್ತಿದ್ದರು. ಹೊಳೆ ಉಕ್ಕಿದ ವರ್ಷ ದಿಬ್ಬದವರು ತಗ್ಗಿನವರನ್ನು ಕರೆತಂದು ಇಟ್ಟುಕೊಳ್ಳುತ್ತಿದ್ದರು. ಉಪಕಾರ ಮಾಡಿದೆವೆಂದು ಯಾರೂ ಹೇಳಿಕೊಳ್ಳುತ್ತಿರಲಿಲ್ಲ. ಅಜ್ಜ ಮುತ್ತಜ್ಜರ ಕಾಲದಿಂದ ಹಾಗೇ ನಡೆದುಬಂದಿತ್ತು.

ಒಂದು ವರ್ಷ ಹೊಳೆ ಹೇಳದೆ ಕೇಳದೆ ಬಂತು. ದಿಬ್ಬದವರು ಗಾಡಿ ಕಟ್ಟುವ ಮೊದಲೇ ತಗ್ಗಿನ ಊರು ನೀರಿನಲ್ಲಿತ್ತು. ಜೀವ ಉಳಿದವರನ್ನು ಎತ್ತಿ ತಂದು ಗುಡಿಯ ಪೌಳಿಯಲ್ಲಿ ಇರಿಸಿದರು. ಅವರಲ್ಲಿ ಒಬ್ಬಳು ನೇಕಾರ ಹೆಂಗಸು. ಅವಳು ಕೈಹಿಡಿದು ಕರೆತರುತ್ತಿದ್ದ ಮಗಳು ಸೆಳವಿಗೆ ಸಿಕ್ಕಿ ಕೈ ಜಾರಿ ಹೋಗಿದ್ದಳು. ಆ ಮಗುವಿಗೆ ಆರು ವರ್ಷ.

ಗುಡಿಯ ಎದುರಿಗೆ ಒಬ್ಬ ರೈತನ ಮನೆ. ಊಟದ ಪಾಳಿ ಹಚ್ಚುವ ಕೆಲಸ ಅವನ ಪಾಲಿಗೆ ಬಂತು. ಹೊತ್ತಿಗೆ ಒಂದು ಮನೆ. ಉಳಿದವರು ಜೋಳ ಕೊಟ್ಟರೆ ಪಾಳಿಯ ಮನೆಯವಳು ರೊಟ್ಟಿ ಬಡಿದು ತಾನೇ ತಂದು ನೀಡಬೇಕು.

ಆ ಊರಲ್ಲಿ ಒಂದು ಪದ್ಧತಿಯಿತ್ತು. ಮಾತಾಡಿಸದೆ ಯಾರಿಗೂ ಅನ್ನ ನೀಡುವಂತಿರಲಿಲ್ಲ. ಸುಮ್ಮನೆ ಇಟ್ಟು ಹೋಗುವುದು ನಾಯಿಗೆ. ಮನುಷ್ಯನಿಗಾದರೆ ಎದುರಿಗೆ ಕೂತು, ಕಷ್ಟಸುಖ ಕೇಳಿ, ಆಮೇಲೆ ನೀಡಬೇಕು. ಒಳ್ಳೆಯ ಪದ್ಧತಿಯೇ ಬಿಡು, ಅಲ್ಲವೆಂದು ಯಾರು ಹೇಳಿಯಾರು?

ಮೊದಲ ದಿನ ರೈತನ ಹೆಂಡತಿಯೇ ರೊಟ್ಟಿ ತಂದಳು. ನೇಕಾರ ಹೆಂಗಸಿನ ಎದುರು ಕೂತು ಹೇಗಾಯಿತೆಂದು ಕೇಳಿದಳು. ಆಕೆ ಹೇಳಲಾರದೆ ಹೇಳಿದಳು. ಅರ್ಧಕ್ಕೆ ನಿಂತಳು. ಇಬ್ಬರೂ ತಬ್ಬಿಕೊಂಡು ಅತ್ತರು. ದೂರದಲ್ಲಿ ನಿಂತಿದ್ದ ರೈತನೂ ಕಣ್ಣೊರೆಸಿಕೊಂಡ. ಅತ್ತು ಹಗುರಾಗಲಿ ಪಾಪ ಎಂದುಕೊಂಡ.

ಸಂಜೆಗೆ ಇನ್ನೊಂದು ಮನೆಯವಳು ಬಂದಳು. ಅವಳಿಗೂ ಕರುಳಿತ್ತು, ಅವಳೂ ಕೇಳಿದಳು. ಮರುದಿನ ಮತ್ತಿಬ್ಬರು. ಎಲ್ಲರೂ ಮಕ್ಕಳೊಂದಿಗರು, ಕೇಳದೆ ಇರಲು ಯಾರಿಗೂ ಆಗಲಿಲ್ಲ. ಯಾವ ಕೈ ಜಾರಿತು, ಮಗು ಕೂಗಿತೇ, ಏನೆಂದು ಕೂಗಿತು? ಆಕೆ ಹೇಳಿದಳು. ಹೇಳಿದ ಮೇಲೆ ರೊಟ್ಟಿ ಬಂತು.

ಎಂಟು ದಿನ ಕಳೆಯುವ ಹೊತ್ತಿಗೆ ರೈತ ಒಂದು ಸಂಗತಿ ಕಂಡ. ಆಕೆ ಈಗ ಅರ್ಧಕ್ಕೆ ನಿಲ್ಲುತ್ತಿರಲಿಲ್ಲ. ಮಗ್ಗಿ ಒಪ್ಪಿಸುವ ಹಾಗೆ ಒಂದೇ ಸಮನೆ ಹೇಳಿ ಮುಗಿಸಿ ಕೈ ಚಾಚುತ್ತಿದ್ದಳು. ದುಃಖ ಇಳಿಯುತ್ತಿದೆ ಎಂದು ಅವನು ಸಮಾಧಾನಪಟ್ಟ. ಒಳ್ಳೆಯವರ ಕಣ್ಣಿಗೆ ಪೊರೆ ಬರುವುದು ಹೀಗೇ ಅಡಿವೆಯ್ಯ.

ಹತ್ತನೆಯ ದಿನ ಆಕೆ ಊಟಕ್ಕೆ ಬರಲಿಲ್ಲ. ಹನ್ನೊಂದನೆಯ ದಿನವೂ ಇಲ್ಲ. ಪೌಳಿಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಊರವರಿಗೆ ಸಿಟ್ಟು ಬಂತು. ನಮ್ಮ ಮನೆಯ ರೊಟ್ಟಿ ಕಹಿಯಾಯಿತೇ ಎಂದರು. ಅಹಂಕಾರ ಎಂದೂ ಅಂದರು, ನಿನ್ನ ಹಾಗೆಯೇ. ರೈತನಿಗೆ ಮಾತ್ರ ಹೆದರಿಕೆಯಾಯಿತು. ಹೊಳೆಯಿಂದ ಎತ್ತಿ ತಂದ ಜೀವ ತನ್ನ ಮನೆಯೆದುರು ಹಸಿದು ಸತ್ತರೆ ಏನು ಗತಿ? ಸಂಜೆ ತಾನೇ ಎರಡು ರೊಟ್ಟಿ, ಒಂದು ಬಟ್ಟಲು ಮಜ್ಜಿಗೆ ತೆಗೆದುಕೊಂಡು ಹೋಗಿ ಆಕೆಯ ಪಕ್ಕ ಕೂತ.

"ಯಾಕ ತಂಗಿ, ಉಣ್ಣಾಕ ಯಾಕ ಬರವಲ್ಲಿ? ನಮ್ಮಿಂದ ಏನರ ತಪ್ಪಾತೇನು?"

ಆಕೆ ಈ ಕಡೆ ತಿರುಗಲಿಲ್ಲ.

"ನಿಮ್ಮ ತಪ್ಪಲ್ಲಣ್ಣ. ಮೊದಲನೇ ದಿನ ಹೇಳೂ ಮುಂದ ಮಗಳು ಕಣ್ಣ ಮುಂದ ಬರತಿದ್ದಳು. ಈಗ ಬರೇ ಮಾತು ಬರತಾವು, ಆಕಿ ಬರೂದಿಲ್ಲ. ಮೊನ್ನೆ ಹೇಳಿ ಮುಗಿಸಿದೆ, ಅಳು ಬರಲಿಲ್ಲ. ನೀಡಾಕಿ ನನ್ನ ಮುಖಾನ ನೋಡಿಕೋತ ಕುಂತಳು, ರೊಟ್ಟಿ ಆಕಿ ಕೈಯಾಗ ಹಂಗ ಇತ್ತು. ನನಗ ಹಸಿವಾಗಿತ್ತಣ್ಣ. ಸುಳ್ಳ ಸುಳ್ಳ ಅತ್ತಬಿಟ್ಟೆ. ಆಮ್ಯಾಲೆ ನೀಡಿದಳು. ಮಗಳನ್ನ ಮಾರಿಕೊಂಡು ಉಂಡಂಗಾತು."

ರೈತ ಕೈಯಲ್ಲಿದ್ದ ರೊಟ್ಟಿಯನ್ನು ನೋಡಿದ. ಪಾಳಿ ಹಚ್ಚಿದವನು ತಾನು. ಒಬ್ಬೊಬ್ಬರನ್ನಾಗಿ ತಂದು ಆಕೆಯ ಎದುರು ಕೂರಿಸಿದವನೂ ತಾನೇ. ರೊಟ್ಟಿಯನ್ನು ತಲೆದೆಸೆಗೆ ಇಟ್ಟು, ಏನೂ ಕೇಳದೆ ಎದ್ದುಬಂದ. ತನ್ನ ಅಂಗಳದಲ್ಲಿ ಕೂತು ಬಹಳ ಹೊತ್ತು ಅತ್ತ.

ಬೆಳಗ್ಗೆ ಹೋಗಿ ನೋಡಿದರೆ ಎರಡು ರೊಟ್ಟಿಯೂ ಇರಲಿಲ್ಲ. ಬಟ್ಟಲನ್ನು ತೊಳೆದು ಬೋರಲು ಇಟ್ಟಿದ್ದಳು. ಅವನ ಎದೆ ಸ್ವಲ್ಪ ಹಗುರಾಯಿತು. ಮನೆಮನೆಗೆ ಹೋಗಿ, ಇನ್ನು ಯಾರೂ ಆಕೆಯನ್ನು ಏನೂ ಕೇಳಬೇಡಿ, ಸುಮ್ಮನೆ ಇಟ್ಟು ಬನ್ನಿ ಎಂದು ಕೈಮುಗಿದ. ಮನುಷ್ಯರಿಗೆ ನಾಯಿಗೆ ಹಾಕಿದ ಹಾಗೆ ಹಾಕುವುದೇ ಎಂದು ಜನ ಅವನನ್ನೇ ಬೈದರು. ಒಪ್ಪಿಸುವುದರಲ್ಲಿ ಹೊತ್ತು ಏರಿತು.

ಅಷ್ಟರಲ್ಲಿ ಆ ಹೊತ್ತಿನ ಪಾಳಿಯವಳು ಪೌಳಿಗೆ ಬಂದಾಗಿತ್ತು. ಅವಳಿಗೆ ರೈತನ ಮಾತು ಇನ್ನೂ ಮುಟ್ಟಿರಲಿಲ್ಲ. ನೇಕಾರ ಹೆಂಗಸಿನ ಎದುರು ಕೂತು, ಎರಡೂ ಕೈ ಹಿಡಿದುಕೊಂಡು, ಮಗಳ ಹೆಸರು ಏನಿತ್ತವ್ವ ಎಂದು ಕೇಳಿದಳಂತೆ. ಪ್ರೀತಿಯಿಂದಲೇ ಕೇಳಿದಳಂತೆ. ಆಕೆ ಮೆಲ್ಲಗೆ ಕೈ ಬಿಡಿಸಿಕೊಂಡು ಎದ್ದು ಹೊರಟುಹೋದಳಂತೆ.

ರೈತ ಓಡಿ ಬರುವಷ್ಟರಲ್ಲಿ ಮೂಲೆ ಬರಿದಾಗಿತ್ತು. ತಗ್ಗಿನ ಊರಿನ ಕಡೆಗೆ ಕೆಸರಿನಲ್ಲಿ ಹೆಜ್ಜೆಗಳು ಇಳಿದುಹೋಗಿದ್ದವು. ಅಲ್ಲಿ ನೀರು ಇನ್ನೂ ಪೂರ್ತಿ ಇಳಿದಿರಲಿಲ್ಲ. ಅವನು ಹೆಜ್ಜೆ ಹಿಡಿದು ನೀರಿನ ಅಂಚಿನವರೆಗೂ ಹೋಗಿ ನಿಂತ. ತಂಗೀ ಎಂದು ಕೂಗಿ ಕರೆದ. ಸಂಜೆಯವರೆಗೂ ಅಲ್ಲೇ ನಿಂತಿದ್ದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಅಡಿವೆಯ್ಯ ಕಾದ.

"ಆಮೇಲೆ ಆಕೆ ಏನಾದಳು ಗುರುಗಳೇ? ನೀರಿಗೆ ಬಿದ್ದಳೇ?"

ಗುರುಗಳು ಅವನ ಮುಖವನ್ನೇ ನೋಡಿದರು.

"ಕೇಳದೆ ಇರಲು ನಿನಗೂ ಆಗಲಿಲ್ಲ ನೋಡು."