ಕಪ್ಪು ಪರದೆಗೊಂದು ಮೆಮೊ

ನೋಂದಣಿ ಕಚೇರಿಯ ಆಪರೇಟರ್ ಸರ್ವಮಂಗಳಾ ಅವರ ಮೇಜಿನ ಮೇಲೆ ಎರಡು ಮಾನಿಟರ್. ಒಂದು ಆಕೆಯ ಕಡೆ, ಇನ್ನೊಂದು ಜನರ ಕಡೆ. ಆಕೆ ಟೈಪ್ ಮಾಡಿದ ಪತ್ರದಲ್ಲಿ ತಮ್ಮ ಹೆಸರು ಸರಿಯಿದೆಯೇ ಎಂದು ಜನ ಅದರಲ್ಲೇ ನೋಡಬೇಕು. ಸೋಮವಾರ ಬೆಳಿಗ್ಗೆ ಅದು ಕಪ್ಪಾಗಿತ್ತು. ಕ್ಯೂ ಬಾಗಿಲು ದಾಟಿತ್ತು.

"ಮಾನಿಟರ್ ಹಾಳು ಮಾಡಿಟ್ಟಿದ್ದೀಯಲ್ಲಮ್ಮಾ!" ಎಂದು ಸಾಹೇಬರು ಚನ್ನವೀರಯ್ಯ ಕೂಗಾಡಿದರು.

"ಮಾನಿಟರ್ ಚೆನ್ನಾಗಿದೆ ಸಾರ್, ಅದಲುಬದಲು ಮಾಡಿ ನೋಡಿದೆ. ಪರದೆ ನಡೆಸೋಕೆ ಶನಿವಾರ ನೀವು ಹಾಕಿದ ಹೊಸ ಸಾಫ್ಟ್‌ವೇರ್, ಆ ಗ್ರಾಫಿಕ್ಸ್ ಡ್ರೈವರ್, ಒಂದೇ ಪರದೆ ಗುರುತಿಸ್ತಿದೆ. ನಿಮ್ಮ ಪಾಸ್‌ವರ್ಡ್ ಒತ್ತಿದ್ರೆ ಹಳೇದನ್ನೇ ತರಬಹುದು."

"ನಾನು ಹಾಕಿದ್ದನ್ನ ತೆಗೀತೀಯಾ? ತಪ್ಪು ಯಾರದು ಅಂತ ಅರ್ಧ ಗಂಟೆಯಲ್ಲಿ ಬರೆದುಕೊಡು!" ಎಂದು ಮೆಮೊ ಕೊಟ್ಟರು.

ಹತ್ತೇ ನಿಮಿಷದಲ್ಲಿ ಉತ್ತರ ಟೈಪಾಗಿ, ಪ್ರಿಂಟಾಗಿ ಬಂತು. ಡ್ರೈವರ್ ಹಾಕಿದ ದಿನ, ಗಂಟೆ, ಹಾಕಿದವರ ಹೆಸರು ಎಲ್ಲವೂ ಇತ್ತು. ಕೊನೆಯಲ್ಲಿ, 'ಪ್ರತಿ: ಜಿಲ್ಲಾ ಕಚೇರಿಗೆ, ಮಾಹಿತಿಗಾಗಿ.'

ಸಾಹೇಬರು ಎರಡು ಸಲ ಓದಿದರು. ಕನ್ನಡಕ ಒರೆಸಿ ಮೂರನೇ ಸಲ ಓದಿದರು. ಆಮೇಲೆ ಅವರ ಬಾಯಲ್ಲಿ ಮೊದಲ ಸಲ ಮರ್ಯಾದೆ ಬಂತು.

"ಇದನ್ನ ಕಳಿಸಿಬಿಟ್ರಾ?"

"ನಿಮ್ಮ ರುಜು ಇಲ್ಲದೆ ಹೇಗೆ ಸಾರ್?"

"ಹಾಗಾದ್ರೆ ವಾಪಸ್ ತಗೊಳ್ಳಿ."

"ತಗೋತೀನಿ. ಮೊದಲು ಡ್ರೈವರ್ ವಾಪಸ್ ಹೋಗ್ಲಿ ಸಾರ್."

ಸಾಹೇಬರು ಪಾಸ್‌ವರ್ಡ್ ಒತ್ತಿದರು. ಸ್ವಲ್ಪ ಹೊತ್ತಿಗೆ ಜನರ ಕಡೆಯ ಪರದೆ ಬೆಳಗಿತು. ಕ್ಯೂನಲ್ಲಿ ಮೊದಲು ನಿಂತಿದ್ದ ಅಜ್ಜ ಬಗ್ಗಿ ನಿಧಾನವಾಗಿ ಓದಿ ಹೇಳಿದ:

"ತಾಯೀ, ಇದರಲ್ಲಿ ನನ್ನ ಹೆಸರಿಲ್ಲ. ತಪ್ಪೆಲ್ಲ ಚನ್ನವೀರಯ್ಯ ಅನ್ನೋರದು ಅಂತಿದೆ."

"ಅಯ್ಯೋ, ಮೆಮೊ ಉತ್ತರ ಮುಚ್ಚೋದು ಮರೆತೆ," ಎಂದು ಸರ್ವಮಂಗಳಾ ಅದನ್ನು ಬಹಳ ನಿಧಾನವಾಗಿ ಮುಚ್ಚಿದರು.