ಈರಸಂಗಪ್ಪನ ಅಂಗಾಲು

ಈ ಪ್ರಸಂಗವನ್ನು ನನಗೆ ಮೊದಲು ಹೇಳಿದವರು ಬನ್ನಿಹಳ್ಳದ ಸೋಮವ್ವನವರು. ಅಲ್ಲಿಯ ಮಠದ ದಾಸೋಹದಲ್ಲಿ ಆಯುಷ್ಯವಿಡೀ ರೊಟ್ಟಿ ಬಡಿದ ಕೈ ಅವರದು. ಇದು ನಡೆದಾಗ ಅಲ್ಲೇ ಒಲೆಯ ಮುಂದೆ ಕೂತಿದ್ದರು. ತಪ್ಪು ತಿಳಿದವನು ಅವರ ಸ್ವಂತ ಅಣ್ಣನೇ ಆದ್ದರಿಂದ ಹೇಳುವಾಗ ಒಂದಿಷ್ಟೂ ದಾಕ್ಷಿಣ್ಯ ತೋರಿಸಲಿಲ್ಲ. ನಾನೂ ತೋರಿಸುವುದಿಲ್ಲ.

ಪೂಜ್ಯ ಶ್ರೀ ಅಡವಯ್ಯಜ್ಜನವರು ಆಗ ಎಂಬತ್ತು ದಾಟಿದ್ದರು. ಮಠವೆಂದರೆ ಮಣ್ಣಿನ ಮಾಳಿಗೆಯ ನಾಲ್ಕು ಅಂಕಣ, ಒಂದು ಬಾವಿ, ಆರದ ಒಲೆ, ಅಷ್ಟೇ. ಮುಂಜಾನೆಯ ಲಿಂಗಪೂಜೆ ಮುಗಿಸಿ ಅಜ್ಜನವರು ದಾಸೋಹದ ಪಡಸಾಲೆಗೆ ಬಂದು, ಮರದ ಸ್ಟೂಲಿನ ಮೇಲೆ ಕೂತು, ತೊಗರಿಬೇಳೆಯಲ್ಲಿ ಹರಳು ಆರಿಸುತ್ತಿದ್ದರು. ಕಣ್ಣಿಗೆ ದಪ್ಪ ಕನ್ನಡಕ. ಕಾಲಿಗೆ ಬಿಳಿಯ ಕ್ಯಾನ್ವಾಸ್ ಬೂಟು. ಹೌದು, ಕಾವಿಯ ಕೆಳಗೆ ಬೂಟು! ಅವರು ಮೊದಲ ಸಲ ಅದನ್ನು ಹಾಕಿಕೊಂಡು ಹೊರಬಂದ ದಿನ ತೆರೆದ ಬಾಯಿಗಳನ್ನು ಮುಚ್ಚಿಕೊಳ್ಳಲು ಊರಿಗೆ ಬಹಳ ಹೊತ್ತು ಹಿಡಿಯಿತಂತೆ. ಆಮೇಲೆ ಹೋಳಿಗೆ ಬಿಟ್ಟರು, ನವಣೆಯ ಗಂಜಿ ಹಿಡಿದರು. ಪೂಜೆಗೆ ಕೂಡ ಮಣೆ ಬಿಟ್ಟು ಸ್ಟೂಲು ಹತ್ತಿದರು. ಯಾಕೆಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಅವರಾಗಿಯೂ ಹೇಳಲಿಲ್ಲ.

ಇದನ್ನೆಲ್ಲ ಕಂಡು ಒಳಗೊಳಗೇ ಕಹಿಯಾದವನು ಈರಸಂಗಪ್ಪ. ಎಪ್ಪತ್ತರ ಹತ್ತಿರದ ಮನುಷ್ಯ. ವೀರಭದ್ರ ದೇವರ ಮುಂದೆ ಖಡ್ಗ ಹಿಡಿದು, ದೇವರ ಪ್ರತಾಪ ಸಾರುವ ಒಡಪು ಹೇಳುವ ಪುರವಂತ. ವರ್ಷಕ್ಕೊಮ್ಮೆ ಊರವರು ಅಗ್ಗಿ ಹಾಯುವಾಗ, ಅಂದರೆ ಬರಿಗಾಲಲ್ಲಿ ಕೆಂಡ ದಾಟುವಾಗ, ಮೊದಲ ಹೆಜ್ಜೆ ಅವನದು. ಅವನು ದಾಟಿದ ಮೇಲೆಯೇ ಉಳಿದವರು ದಾಟಬೇಕು. ಸಕ್ಕರೆ ಕಾಯಿಲೆ ಬಂದಿದೆ, ಗುಳಿಗೆ ತಪ್ಪಿಸಬೇಡಿ, ಬರಿಗಾಲಲ್ಲಿ ತಿರುಗಬೇಡಿ ಎಂದು ಡಾಕ್ಟರು ಹೇಳಿದಾಗ ಅವನು ನಕ್ಕುಬಿಟ್ಟಿದ್ದ. "ನಾ ಬೆಂಕಿ ತುಳಿಯಾಂವ್ರಿ ಡಾಕ್ಟ್ರ. ನನಗ ಚಪ್ಲಿ ಹಾಕ್ಕೊ ಅಂತೀರಲ್ರಿ!" ಗುಳಿಗೆ ಅಂಗಿಯ ಜೇಬಿನಲ್ಲೇ ಹಳತಾದವು. ಹೋಳಿಗೆ ಮಾತ್ರ ಹಳತಾಗಲು ಅವನು ಬಿಡಲಿಲ್ಲ.

ಅವನ ನಗುವಿಗೆ ಒಂದು ಗುಟ್ಟಿನ ಕಾರಣವಿತ್ತು. ಇತ್ತೀಚೆಗೆ ಕೆಂಡದ ಮೇಲೆ ಕಾಲಿಟ್ಟರೆ ಅವನಿಗೆ ಬಿಸಿಯೇ ತಾಗುತ್ತಿರಲಿಲ್ಲ. ಹೋದ ವರ್ಷ ಬೇಕೆಂದೇ ನಡುವೆ ಒಂದು ಗಳಿಗೆ ತಡೆದು ನೋಡಿದ್ದ. ಏನೂ ಇಲ್ಲ! ಮನೆಗೆ ಬಂದು ಕಂಬಕ್ಕೆ ಒರಗಿ, ಸಂತೋಷ ತಡೆಯಲಾರದೆ ಅತ್ತಿದ್ದ. ಇಷ್ಟು ವರ್ಷದ ಸೇವೆಗೆ ದೇವರು ಕಣ್ಣು ತೆರೆದ. ಅಜ್ಜಾರ ತಪಸ್ಸು ಸ್ಟೂಲಿನ ಮೇಲೆ ಕರಗಿ ಹೋಯಿತು, ನನ್ನದು ಫಲಿಸಿತು. ಹೀಗೆ ಅವನ ಲೆಕ್ಕ. ಅಂಗಾಲನ್ನು ಒಮ್ಮೆ ತಿರುವಿ ನೋಡಿಕೊಳ್ಳಬೇಕೆಂದು ಮಾತ್ರ ಅವನಿಗೆ ಹೊಳೆಯಲಿಲ್ಲ.

ಅಗ್ಗಿಗೆ ಇನ್ನೊಂದು ತಿಂಗಳಿದೆ ಎನ್ನುವಾಗ ಅವನು ಅಪ್ಪಣೆ ಕೇಳಲು ಮಠಕ್ಕೆ ಬಂದ.

"ಅಣ್ಣಾ, ಯಾಕ ಕುಂಟಾಕತ್ತೀದಿ?" ಎಂದರು ಸೋಮವ್ವ, ಒಲೆಯ ಮುಂದಿನಿಂದಲೇ.

"ಯಾರು ಕುಂಟ್ತಾರ? ನಿನ್ನ ರೊಟ್ಟಿ ನೋಡ್ಕೊ, ಹೊತ್ತಾಕತ್ತೈತಿ."

ಅವನು ಅಜ್ಜನವರಿಗೆ ಅಡ್ಡಬಿದ್ದು, ಎದ್ದು, ಎದುರಿನ ಕಟ್ಟೆಯ ಅಂಚಿಗೆ ಕಾಲು ಮುದುಡಿ ಕೂತ. "ಅಜ್ಜಾರ, ಈ ವರ್ಷ ನಾ ಅಗ್ಗಿ ಹಾಯೂದಿಲ್ರಿ."

ಬೇಳೆಯ ಮೇಲಿನ ಕೈ ನಿಂತಿತು.

"ನಿಂದರತೀನ್ರಿ. ಕೆಂಡದ ನಟ್ಟನಡುವ, ಒಡಪು ಹೇಳಿ ಮುಗಿಸೂತನಕ. ನೀವು ಹೂಂ ಅನಬೇಕ್ರಿ."

ಸೋಮವ್ವನ ಕೈಯಿಂದ ಹಿಟ್ಟು ಜಾರಿತು. "ನಿನಗೇನು ತಲಿ ಕೆಟ್ಟೈತೇನ? ಸುಟ್ಟು ಬೂದಿ ಆಗ್ತಿ!"

"ಬೆಂಕಿ ನನ್ನ ಸುಡೂದ ಬಿಟ್ಟೈತವ್ವ ತಂಗಿ. ನಿಮ್ಮಂಥಾವ್ರಿಗೆ ಇದೆಲ್ಲ ತಿಳಿಯೂದಿಲ್ಲ."

ಅಜ್ಜನವರು ಕನ್ನಡಕದ ಮೇಲಿನಿಂದ ಅವನ ಕಾಲಿನ ಕಡೆ ನೋಡಿದರು. ಆಮೇಲೆ ಅಂದರು, "ಅಂಗಾಲು ತೋರ್ಸು."

ಈರಸಂಗಪ್ಪನಿಗೆ ತನ್ನ ಕಿವಿಯ ಮೇಲೇ ಅನುಮಾನ ಬಂತು. ಗುರುಗಳ ಎದುರು ಕೂರುವಾಗ ಪಾದವನ್ನು ಧೋತರದೊಳಗೆ ಅಡಗಿಸಿಕೊಳ್ಳುವ ಜನ ನಾವು. "ಏನ್ ಅಂತೀರಿ ಅಜ್ಜಾರ! ನಿಮಗ ಕಾಲು ತೋರ್ಸಿ ನಾ ಯಾವ ನರಕಕ್ಕ ಹೋಗ್ಲಿ?"

ಅಜ್ಜನವರು ಕಂಬ ಹಿಡಿದರು, ಸ್ಟೂಲಿನಿಂದ ಇಳಿದರು, ಲಟಲಟ ಎನ್ನುವ ಮಂಡಿಗಳನ್ನು ಮಡಿಸಿ ನೆಲಕ್ಕೆ ಕೂತರು. ಕೂತು, ಈರಸಂಗಪ್ಪನ ಬಲಗಾಲನ್ನು ಎಳೆದು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು.

ಕಾಲು ಕಿತ್ತುಕೊಂಡರೆ ಅಜ್ಜಾರು ಮುಗ್ಗರಿಸುತ್ತಾರೆ, ಅಲ್ಲೇ ಬಿಟ್ಟರೆ ಮಹಾಪಾಪ! ಈರಸಂಗಪ್ಪ ಕಣ್ಣು ಗಟ್ಟಿಯಾಗಿ ಮುಚ್ಚಿ, ಮುಖ ಮಾಳಿಗೆಯ ಕಡೆ ಎತ್ತಿ "ಶಿವ ಶಿವ" ಎನ್ನತೊಡಗಿದ.

"ಸೋಮವ್ವಾ, ಚಿಮಟ ತಾ," ಎಂಬುದು ಕೇಳಿಸಿತು. ಮುಳ್ಳು ತೆಗೆಯುವ ಚಿಮಟ ಗೂಟದಿಂದ ಇಳಿದ ಸದ್ದೂ ಕೇಳಿಸಿತು. ಅವನು ಕಾದ. ಏನೂ ಆಗಲಿಲ್ಲ. ಅಜ್ಜಾರು ಇನ್ನೂ ಶುರು ಮಾಡಿಲ್ಲ ಎಂದುಕೊಂಡ.

ಆಗ ತಂಗಿ ಚೀರಿದ್ದು ಕೇಳಿತು. ಹಿಂದೆಯೇ ಬೇಳೆಯ ಕಂಚಿನ ತಾಟಿನಲ್ಲಿ ಏನೋ ಟಣ್ ಎಂದಿತು.

ಕಣ್ಣು ತೆರೆದ. ತಾಟಿನಲ್ಲಿ ಒಂದು ಮೊಳೆ. ಎತ್ತಿನ ಗೊರಸಿಗೆ ಲಾಳ ಹೊಡೆಯುವಾಗ ಬಳಸುವ ಮೊಳೆ, ಅರ್ಧ ಬೆರಳುದ್ದ, ಕಪ್ಪಿಟ್ಟಿತ್ತು. ಅಜ್ಜನವರ ಕಾವಿಯ ಮೇಲೆ ರಕ್ತ, ಕೀವು. ಒಲೆಯ ಹೊಗೆಯನ್ನೂ ಮೀರಿದ ಒಂದು ವಾಸನೆ.

"ಏನ್ರಿ ಅದು?"

"ನಿನ್ನ ಕಾಲಾಗಿತ್ತು."

ಎತ್ತಿಗೆ ಲಾಳ ಕಟ್ಟಿಸಿದ್ದು ಹೋದ ಅಮಾವಾಸ್ಯೆಗೆ. ಅಲ್ಲಿಂದ ಇಲ್ಲಿಯವರೆಗೆ ಹೊಲ, ಗುಡಿ, ಸಂತೆ ಎಂದು ಅವನು ಈ ಮೊಳೆಯ ಮೇಲೆಯೇ ನಡೆದಿದ್ದ! ಬೆಂಕಿ ತಾಗದ ಪಾದಕ್ಕೆ ಮೊಳೆಯೂ ತಾಗಿರಲಿಲ್ಲ. ಈಗಷ್ಟೇ ಅದನ್ನು ಕಿತ್ತದ್ದೂ ತಾಗಿರಲಿಲ್ಲ.

"ಬೆಂಕಿ ಮೊದಲಿನಂಗ ಸುಡ್ತೈತಿ, ಈರಸಂಗಾ," ಎಂದರು ಅಜ್ಜನವರು. "ನಿನಗ ಹೇಳೂ ಕಾಲು ಸಕ್ಕರಿ ಬ್ಯಾನಿಯಿಂದ ಸುಮ್ಮನಾಗ್ಯಾವು."

"ಹಂಗಾರ… ದೇವ್ರು ಒಲಿದದ್ದು?"

ಅಜ್ಜನವರು ತಮ್ಮ ಎಡಗಾಲಿನ ಬೂಟಿನ ದಾರ ಬಿಚ್ಚಿದರು. ದಿನಾಲೂ ಗಂಜಿ ಬಡಿಸುತ್ತಿದ್ದ ಸೋಮವ್ವನೂ ಆವರೆಗೆ ಕಾಣದ ಪಾದ ಹೊರಬಂತು. ಅದರಲ್ಲಿ ಎರಡು ಬೆರಳುಗಳಿರಲಿಲ್ಲ.

"ನಾನೂ ಹಂಗ ತಿಳಿದಿದ್ದೆ," ಎಂದರು. "ನನಗ ಹೇಳಾವ್ರಿರಲಿಲ್ಲ."

ಈರಸಂಗಪ್ಪ ಕಟ್ಟೆಯಿಂದ ಜಾರಿ ಅವರ ಮುಂದೆ ಕುಸಿದ. ಸ್ಟೂಲು, ಗಂಜಿ, ಬೂಟು. ಕರಗಿತೆಂದು ತಾನು ಅಂದುಕೊಂಡ ತಪಸ್ಸು ಇದರಲ್ಲೇ ಇತ್ತು. ಆಸೆಯಾದದ್ದನ್ನು ದಿನವೂ ಬಿಡುವುದು, ರೂಢಿಯಾದದ್ದನ್ನು ಮುದಿ ವಯಸ್ಸಿನಲ್ಲಿ ಮುರಿದು ಬೇರೆ ರೂಢಿ ಕಟ್ಟುವುದು! ಕೆಂಡದ ಮೇಲಾದರೆ ವರ್ಷಕ್ಕೊಮ್ಮೆ ಹತ್ತು ಹೆಜ್ಜೆ. ಇದು ಎದ್ದ ಕೂಡಲೇ ಶುರು.

ಅವನು ಕೇಳಿದ, ಸಣ್ಣ ಧ್ವನಿಯಲ್ಲಿ, "ಮುಂದ ಹಾಯದಿದ್ರ ನಾ ಯಾರ್ರಿ ಅಜ್ಜಾರ? ಈ ಊರಾಗ ನನ್ನ ಕೆಲಸರ ಏನು?"

"ಹಾಯಾವ್ರು ರಗಡ ಮಂದಿ ಅದಾರ. ಕಾಲು ನೋಡಾವ್ರು ಇಲ್ಲ. ಏಳು, ಮೊದಲು ದವಾಖಾನಿ."

ಅಂದೇ ಹಾಲಿನ ಗಾಡಿಯಲ್ಲಿ ಪಟ್ಟಣಕ್ಕೆ ಒಯ್ದರು. ಅಜ್ಜನವರೂ ಜೊತೆಗೆ ಹೋಗಿ, ಹಾಲಿನ ಕ್ಯಾನುಗಳ ನಡುವೆ ಅವನ ಕಾಲು ಹಿಡಿದು ಕೂತರು. ಒಂದು ಬೆರಳು ಹೋಯಿತು. ಕಾಲು ಉಳಿಯಿತು. ಪವಾಡ ನಡೆಯಿತೇ ಎಂದು ನಾನು ಕೇಳಿದ್ದಕ್ಕೆ ಸೋಮವ್ವನವರು, "ನಮ್ಮಣ್ಣ ಗುಳಿಗಿ ನುಂಗಾಕ ಹತ್ತಿದಾ. ಅದಕ್ಕಿಂತ ಪವಾಡ ಬೇಕೇನ?" ಎಂದರು.

ಆ ವರ್ಷದ ಅಗ್ಗಿಯ ದಿನ ಜನ ಬಂದು ನೋಡಿದರೆ, ಅಗ್ನಿಕುಂಡದ ಮುಂದೆ ದಾರಿಗೆ ಅಡ್ಡಲಾಗಿ ಒಂದು ಸ್ಟೂಲು. ಅದರ ಮೇಲೆ ಬಿಳಿಯ ಕ್ಯಾನ್ವಾಸ್ ಬೂಟು ಹಾಕಿದ ಈರಸಂಗಪ್ಪ. ಕೈಯಲ್ಲಿ ಖಡ್ಗವಿಲ್ಲ, ಮಠದ ಒಂದು ನವಿಲುಗರಿ. ತಲೆ ನರೆತವರು ಕಣ್ಣು ಮುಚ್ಚಿ ಅಂಗಾಲು ಕೊಡಬೇಕು. ಅವನು ಗರಿ ಆಡಿಸುತ್ತಾನೆ. ತಾಗಿತೆಂದವರು ಮುಂದೆ, ತಾಗದವರು ಪಕ್ಕಕ್ಕೆ.

ಒಬ್ಬ ಹಿರಿಯ ಗೌಡರು ರೇಗಿದರು. "ಏ ಪುರವಂತಾ, ನನ್ನ ಕಾಲು ನೋಡಾಕ ನೀ ಯಾಂವ?"

"ಮೊಳಿ ಹೊಕ್ಕದ್ದು ತಿಳೀಲಾರದ ತಿರುಗಿದಾಂವ್ರಿ. ಎತ್ರಿ ಕಾಲು."

ಗೌಡರು ಎತ್ತಿದರು. ಗರಿ ಹಿಮ್ಮಡಿಯಿಂದ ಬೆರಳಿನವರೆಗೆ ಹೋಗಿ ಬಂತು. "ಯಾವಾಗ ಶುರು ಮಾಡ್ತಿಯೋ?" ಎಂದರು ಗೌಡರು, ಕಣ್ಣು ಮುಚ್ಚಿಕೊಂಡೇ. ಈರಸಂಗಪ್ಪ ಎದ್ದು ಅವರನ್ನು ಕೈಹಿಡಿದು ತನ್ನ ಸ್ಟೂಲಿನ ಮೇಲೆ ಕೂರಿಸಿ, ತಾನು ಪಕ್ಕದಲ್ಲಿ ನಿಂತು ಒಡಪು ಹೇಳಿದ. ಅಂಥ ಒಡಪನ್ನು ಅವನು ಬೆಂಕಿ ದಾಟುತ್ತಿದ್ದ ಕಾಲದಲ್ಲೂ ಹೇಳಿರಲಿಲ್ಲವಂತೆ.

ಹೇಳಿ ಮುಗಿಸಿದ ಸೋಮವ್ವನವರು ಕೈಯ ಹಿಟ್ಟು ಒರೆಸಿಕೊಂಡು, "ಎಲ್ಲಿ, ನಿನ್ನ ಕಾಲು ಇತ್ತ ಚಾಚು," ಎಂದರು. ಅಂಗಾಲು ನೋಡಿ ಕಾಲು ಬಿಟ್ಟರು. "ಇನ್ನ ನೀ ಹೋಗಿ ಹೇಳು. ಬರೇ ಕಥಿ ಹೇಳಿ ಬರಬ್ಯಾಡ ಮತ್ತ."

ನಾನು ಹೇಳಿದ್ದೇನೆ. ಓದಿದವರು ಇವತ್ತೇ ಮನೆಯ ಹಿರಿಯರ ಪಾದವನ್ನು ತೊಡೆಯ ಮೇಲೆ ಎಳೆದುಕೊಳ್ಳಿ. ಅವರು ಬೇಡವೆಂದೇ ಅನ್ನುತ್ತಾರೆ. ಅಂಗಾಲು ನೋಡಿ. ನೋಡುತ್ತ ನೋಡುತ್ತ ಅವರಿಗೆ ಈ ಪ್ರಸಂಗ ಹೇಳಿ.