ಮತ್ತೊಂದು ಒಳಲೆ

ಹೊಳೆಯ ಈಚೆ ದಡದಲ್ಲಿ ಆಶ್ರಮ. ಆಚೆ ದಡದಲ್ಲಿ ಊರು. ಆ ವರ್ಷ ಬೇಸಗೆ ಮುಗಿಯುವ ಹೊತ್ತಿಗೆ ಊರಿಗೆ ವಾಂತಿಭೇದಿ ಬಂತು.

ಜನ ಊರು ಬಿಟ್ಟರು. ಮನೆಯ ಬಾಗಿಲಿಗೆ ಮುಳ್ಳುಕಂಟಿ ಒಡ್ಡಿ, ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಬೇನೆ ಬಿದ್ದವರನ್ನು ಹರಿಗೋಲಿನಲ್ಲಿ ಮಲಗಿಸಿ ಆಶ್ರಮದ ದಡಕ್ಕೆ ತಂದು ಬಿಡುತ್ತಿದ್ದರು.

ಆಶ್ರಮದ ಗುರು ಮುಪ್ಪಿನಯ್ಯನವರು. ಎಪ್ಪತ್ತು ದಾಟಿತ್ತು. ವೈದ್ಯ ಬಲ್ಲವರು. ಅವರ ಬಳಿ ನಾಲ್ವರು ನಾಡಿ ನೋಡುವುದನ್ನು, ಬೇರು ಅರೆಯುವುದನ್ನು ಕಲಿಯುತ್ತಿದ್ದರು. ಬೇನೆ ಬಂದ ವಾರದೊಳಗೆ ಮೂವರಿಗೆ ತಂತಮ್ಮ ತಾಯಂದಿರು ನೆನಪಾದರು. ಹೊರಟುಹೋದರು.

ಉಳಿದವನು ಭರಮಣ್ಣ. ಧೈರ್ಯದಿಂದ ಉಳಿದವನಲ್ಲ. ಹೋಗುತ್ತೇನೆಂದು ಗುರುವಿಗೆ ಹೇಳಲು ಹೆದರಿ ಉಳಿದವನು. ಬಟ್ಟೆಯ ಗಂಟು ಕಟ್ಟಿ ಅಟ್ಟದ ಮೇಲೆ ಇಟ್ಟಿದ್ದ.

ಅವನ ಭಯಕ್ಕೆ ಕಾರಣವಿತ್ತು. ಅವನಿಗೆ ಹತ್ತು ವರ್ಷವಿದ್ದಾಗ ಅಪ್ಪ ಇದೇ ಬೇನೆಯಲ್ಲಿ ತೀರಿಕೊಂಡಿದ್ದ. ಅಪ್ಪನ ಕಾಲು ಹಿಡಿದು ಕೂತಿದ್ದವನು ಭರಮಣ್ಣನೇ. ತಣ್ಣಗಾಗುವುದು ಪಾದದಲ್ಲಿ ಶುರುವಾಗಿ ಮೊಣಕಾಲಿಗೆ ಏರಿತ್ತು. ಅವನ ಅಂಗೈ ಅದನ್ನು ಇನ್ನೂ ಮರೆತಿರಲಿಲ್ಲ.

ಗುರುವಿನ ಚಿಕಿತ್ಸೆ ಸರಳವಾಗಿತ್ತು. ಚೆನ್ನಾಗಿ ಕುದಿಸಿದ ಗಂಜಿಯ ತಿಳಿ. ಚಿಟಿಕೆ ಉಪ್ಪು. ಚೂರು ಬೆಲ್ಲ. ಅದನ್ನು ಒಳಲೆಯಲ್ಲಿ, ಹಸುಗೂಸಿಗೆ ಹಾಲು ಕುಡಿಸುವ ಆ ಪುಟ್ಟ ಮೂತಿಯ ಬಟ್ಟಲಿನಲ್ಲಿ, ತುಂಬಿ ತುಟಿಗೆ ಹಿಡಿಯಬೇಕು. ಕುಡಿಸಿದ ಮೇಲೆ ಹತ್ತು ಉಸಿರು ಕಾಯಬೇಕು. ಮತ್ತೊಂದು ಒಳಲೆ ಕುಡಿಸಬೇಕು.

"ವಾಂತಿ ಮಾಡ್ಕೊಂಡ್ರೆ?" ಎಂದು ಭರಮಣ್ಣ ಮೊದಲ ದಿನವೇ ಕೇಳಿದ್ದ.

"ಬಾಯಿ ಒರೆಸು. ಮತ್ತೊಂದು ಒಳಲೆ."

"ಅದನ್ನೂ ಕಾರಿದ್ರೆ?"

"ನೀನು ಪ್ರಶ್ನೆ ಬದಲಾಯಿಸು, ನಾನು ಉತ್ತರ ಬದಲಾಯಿಸ್ತೀನಿ."

ಒಂದು ಬೆಳಿಗ್ಗೆ ದುರುಗವ್ವ ಬಂದಳು. ಊರಿಗೆಲ್ಲ ಮಡಕೆ ಮಾಡಿಕೊಡುವವಳು. ಬಾಯಿ ಜೋರು. ಅವಳ ಮೈದುನ ಅವಳನ್ನು ಹರಿಗೋಲಿನಿಂದ ಮರಳಿನ ಮೇಲೆ ಇಳಿಸಿದ. ತಾನು ಮಾತ್ರ ದಡಕ್ಕೆ ಕಾಲಿಡಲಿಲ್ಲ.

"ಬದುಕಿದ್ರೆ ಹೇಳಿ ಕಳಿಸಿ!" ಎಂದು ಕೂಗಿ ಹುಟ್ಟು ಹಾಕಿದ.

"ಸತ್ರೆ ನಾನೇ ಬಂದು ಹೇಳ್ತೀನಿ ಹೋಗೋ" ಎಂದಳು ದುರುಗವ್ವ. ಧ್ವನಿ ಒಡೆದು ಪಿಸುಮಾತಾಗಿತ್ತು.

ಗುರು ಶಿಷ್ಯರು ಅವಳನ್ನು ಹೊತ್ತು ತಂದು ಜಗಲಿಯ ಮೇಲೆ ಮಲಗಿಸಿದರು. ಕಣ್ಣು ಗುಳಿಬಿದ್ದಿದ್ದವು. ಬೆರಳ ತುದಿಗಳು ಬಹಳ ಹೊತ್ತು ನೀರಲ್ಲಿದ್ದಂತೆ ಸುಕ್ಕಾಗಿದ್ದವು.

"ಒಳಗಿರೋ ಇಬ್ಬರು ರೋಗಿಗಳನ್ನ ನಾನು ನೋಡ್ಕೋತೀನಿ" ಎಂದರು ಗುರು. "ಭರಮಣ್ಣ, ಇವಳು ನಿನ್ನ ಪಾಲಿಗೆ."

ಭರಮಣ್ಣ ಅವಳ ಪಾದ ಮುಟ್ಟಿದ. ತಣ್ಣಗಿತ್ತು. ಕೆಂಡ ಮುಟ್ಟಿದವನಂತೆ ಕೈ ಹಿಂದಕ್ಕೆಳೆದುಕೊಂಡ.

ದುರುಗವ್ವ ನೋಡಿದಳು. "ಹೆಸರು ಕೇಳಿದ್ರೆ ಪಾಳೇಗಾರ. ಮುಖ ನೋಡಿದ್ರೆ ಬೆಕ್ಕು ಕಂಡ ಇಲಿ" ಎಂದಳು.

ಅವನು ಮೊದಲ ಒಳಲೆ ಕುಡಿಸಿದ. ಕಾರಿದಳು. ಒರೆಸಿದ. ಎರಡನೆಯದು ಕುಡಿಸಿದ. ಅದನ್ನೂ ಕಾರಿದಳು.

ಅವನು ಲೆಕ್ಕ ಇಟ್ಟ. ಮಧ್ಯಾಹ್ನದ ಹೊತ್ತಿಗೆ ನಲವತ್ತು ಒಳಲೆ ಒಳಗೆ ಹೋಗಿತ್ತು. ಹೊರಗೆ ಹೋದದ್ದು ಅದಕ್ಕಿಂತ ಹೆಚ್ಚು. ಇದು ಯಾವ ದಿಕ್ಕಿಗೆ ಹೋಗುತ್ತಿದೆಯೆಂದು ಅವನಿಗೆ ಗೊತ್ತಿತ್ತು. ಎದ್ದು ಒಳಗೆ ಹೋದ.

"ಗುರುಗಳೇ, ನಲವತ್ತಾಯ್ತು. ಇನ್ನೆಷ್ಟು?"

"ನಿನಗೆ ಎಣಿಸದೆ ಇರೋಕಾಗಲ್ವಾ?"

"ಆಗಲ್ಲ."

"ಹಾಗಾದ್ರೆ ಒಂದರ ತನಕ ಎಣಿಸು."

"ಆಮೇಲೆ?"

"ಆಮೇಲೆ ಮೊದಲಿಂದ."

ಅವನು ಹೊರಗೆ ಬಂದ. ಹಿಂದೆಯೇ ಗುರುವೂ ಬಂದರು. ದುರುಗವ್ವ ಕಣ್ಣು ತೆರೆದಳು.

"ಅಯ್ಯಾ, ಈ ಹುಡುಗನಿಗೆ ಬುದ್ಧಿ ಹೇಳಿ" ಎಂದಳು. "ಸೀಳು ಬಿಟ್ಟಿರೋ ಮಡಕೆ ನಾನು. ಐವತ್ತು ವರ್ಷ ಮಡಕೆ ಮಾಡಿದ್ದೀನಿ, ನನಗೆ ಗೊತ್ತಾಗಲ್ವಾ? ಇದಕ್ಕೆ ಎಷ್ಟು ಅಂತ ಹೊಯ್ತಾನೆ?"

"ಸೋರಿದ್ದಕ್ಕಿಂತ ಒಂದು ಒಳಲೆ ಹೆಚ್ಚು" ಎಂದರು ಗುರು.

ದುರುಗವ್ವ ನಗಲು ಹೋದಳು. ಹೊಟ್ಟೆ ಹಿಡಿದುಕೊಂಡಿತು. ನಗು ನರಳಿಕೆಯಾಯಿತು.

ಬಿಸಿಲು ಇಳಿಯುವ ಹೊತ್ತಿಗೆ ಅವಳು ಮಾತು ನಿಲ್ಲಿಸಿದಳು. ಭರಮಣ್ಣನಿಗೆ ಅವಳ ಬೈಗುಳಕ್ಕಿಂತ ಈ ಮೌನ ಹೆಚ್ಚು ಹೆದರಿಕೆ ಹುಟ್ಟಿಸಿತು.

ಅವನು ನಾಡಿ ನೋಡಲು ಶುರುಮಾಡಿದ. ಮೊದಲು ಹತ್ತು ಒಳಲೆಗೊಮ್ಮೆ ನೋಡಿದ. ಆಮೇಲೆ ಐದಕ್ಕೊಮ್ಮೆ. ಆಮೇಲೆ ಪ್ರತಿ ಒಳಲೆಗೂ ನೋಡಿದ. ನೋಡುವುದು ಹೆಚ್ಚಾದಂತೆ ಕುಡಿಸುವುದು ಕಡಿಮೆಯಾಯಿತು. ಅದು ಅವನ ಗಮನಕ್ಕೆ ಬರಲಿಲ್ಲ. ನಾಡಿ ನೂಲಿನಷ್ಟು ಸಣ್ಣಗಾಯಿತು. ಕೂದಲೆಳೆಯಷ್ಟಾಯಿತು.

ಆಮೇಲೆ ಸಿಗಲಿಲ್ಲ.

ಮೂರು ಬೆರಳು ಇಟ್ಟ. ಒತ್ತಿದ. ಸಡಿಲಿಸಿದ. ಇನ್ನೊಂದು ಕೈ ನೋಡಿದ. ಏನೂ ಇಲ್ಲ.

ಭರಮಣ್ಣ ಒಳಲೆಯನ್ನು ಕೆಳಗಿಟ್ಟ. ತನ್ನ ಮನೆಯಲ್ಲಿ ಅಪ್ಪನಿಗೆ ಮಾಡಿದ್ದನ್ನೇ ಮಾಡಿದ. ಒಂದು ಹಣತೆಗೆ ಎಣ್ಣೆ ಹಾಕಿ, ಬತ್ತಿ ಹಚ್ಚಿ, ಅವಳ ತಲೆಯ ಬಳಿ ಇಟ್ಟ. ಗೋಡೆಗೆ ಒರಗಿ ಕೂತ.

ಗುರು ಹೊರಗೆ ಬಂದರು. ಹಣತೆ ನೋಡಿದರು.

"ಇನ್ನೂ ಹಗಲಿದೆ" ಎಂದರು. ಬಗ್ಗಿ, ಬತ್ತಿಯನ್ನು ಬೆರಳಲ್ಲಿ ಹಿಸುಕಿ ನಂದಿಸಿದರು.

"ನಾಡಿ ಇಲ್ಲ ಗುರುಗಳೇ."

ಗುರು ದುರುಗವ್ವನ ಕೈ ಹಿಡಿಯಲಿಲ್ಲ. ಭರಮಣ್ಣನ ಕೈ ಹಿಡಿದು ಅವನ ಕಣ್ಣೆದುರಿಗೇ ಎತ್ತಿದರು. ಮೂರೂ ಬೆರಳು ಅದುರುತ್ತಿದ್ದವು.

"ಇಷ್ಟು ಗದ್ದಲದಲ್ಲಿ ಯಾವ ನಾಡಿ ಕೇಳಿಸುತ್ತೆ?"

"ಹಾಗಾದ್ರೆ ಬದುಕಿದ್ದಾಳಾ?"

"ಗೊತ್ತಿಲ್ಲ."

"ನೀವು ಒಂದ್ಸಲ ನೋಡಿ, ಗುರುಗಳೇ."

"ನೋಡಲ್ಲ."

"ಯಾಕೆ?"

"ಬದುಕ್ತಾಳೆ ಅಂತ ಗೊತ್ತಾದ ಮೇಲೆ ಯಾರು ಬೇಕಾದ್ರೂ ಕುಡಿಸ್ತಾರೆ. ನೀನು ಈಗ ಕುಡಿಸು."

ಗುರು ಒಳಲೆ ತುಂಬಿ ಅವನ ಬಲಗೈಗೆ ಕೊಟ್ಟರು. ಅವನ ಎಡಗೈಯನ್ನು ಹಿಡಿದು ಬೆನ್ನ ಹಿಂದೆ ಸೇರಿಸಿದರು.

"ಇದು ಅಲ್ಲೇ ಇರಲಿ. ಈ ಕೈ ತುಂಬಾ ತಿಳ್ಕೊಳ್ಳೋಕೆ ಹೋಗುತ್ತೆ."

ಭರಮಣ್ಣ ಒಳಲೆಯ ಮೂತಿಯಿಂದಲೇ ಅವಳ ತುಟಿ ಬಿಡಿಸಿ ಸುರಿದ. ತಿಳಿ ಕೆನ್ನೆಯ ಮೇಲೆ ಹರಿದು ಚಾಪೆಗೆ ಇಳಿಯಿತು.

ಹತ್ತು ಉಸಿರು ಕಾದ. ಅವು ಅವನ ಉಸಿರೇ ಆಗಿದ್ದವು. ಅವಳ ಉಸಿರು ಕಾಣುತ್ತಿರಲಿಲ್ಲ.

ಎರಡನೆಯ ಒಳಲೆಯೂ ಕೆನ್ನೆಯ ಮೇಲೆ ಹರಿಯಿತು.

ಹೆಣದ ಬಾಯಿಗೆ ಗಂಜಿ ಹೊಯ್ಯುತ್ತಿದ್ದೇನೆ ಎಂದು ಅವನಿಗೆ ಅನ್ನಿಸಿತು. ಗುರುವಿನ ಮುಖ ನೋಡಿದ. ಗುರು ಹೊಳೆ ನೋಡುತ್ತಿದ್ದರು.

ಮೂರನೆಯ ಒಳಲೆ. ದುರುಗವ್ವನ ಗಂಟಲು ಒಮ್ಮೆ ಮೇಲಕ್ಕೆ ಹೋಗಿ ಕೆಳಗಿಳಿಯಿತು.

ಭರಮಣ್ಣ ಕಿರುಚಿಬಿಟ್ಟ. "ನುಂಗಿದಳು!"

"ಕೂಗಬೇಡ" ಎಂದರು ಗುರು. "ಮತ್ತೊಂದು ಒಳಲೆ."

ಹೊತ್ತು ಮುಳುಗುವ ಮುಂಚೆ ಒರೆಸುವ ಬಟ್ಟೆ ಮುಗಿಯಿತು. ಗುರು ಒಳಗೆ ಹೋಗಿ ಅಟ್ಟದಿಂದ ಒಂದು ಗಂಟು ಇಳಿಸಿ ತಂದರು. ಅದು ಭರಮಣ್ಣನದೇ ಗಂಟು. ಗುರು ಗಂಟು ಬಿಚ್ಚಿ, ಅವನ ಪಂಚೆಯನ್ನು ಎರಡು ಸೀಳು ಮಾಡಿದರು.

"ಗುರುಗಳೇ, ಅದು ನಾನು..."

"ಹೌದು. ಒಗೆದು ಮಡಚಿಟ್ಟಿದ್ದೀಯ. ಅದಕ್ಕೇ ತಂದೆ."



ರಾತ್ರಿ ಒಳಲೆಯಿಂದ ಒಳಲೆಗೆ ಕಳೆಯಿತು. ಬೆಳಗಾದಾಗ ಒಳಗಿದ್ದ ಇಬ್ಬರಲ್ಲಿ ಒಬ್ಬ ತೀರಿಕೊಂಡಿದ್ದ. ಗುರು ಶಿಷ್ಯರು ಅವನನ್ನು ಹೊಳೆಯ ಮೇಲ್ದಂಡೆಗೆ ಹೊತ್ತು, ಮಣ್ಣು ಮಾಡಿ ಬಂದರು.

ದಾರಿಯಲ್ಲಿ ಭರಮಣ್ಣ ಕೇಳಿದ. "ಅವನಿಗೂ ಬಿಡದೆ ಕುಡಿಸಿದ್ರಾ?"

"ಹ್ಞೂಂ."

"ಆದರೂ ಹೋದ."

"ಹೋದ."

"ಮತ್ತೆ ಕುಡಿಸಿ ಏನು ಬಂತು?"

"ಬೆಳಗಿನ ಜಾವದಲ್ಲಿ ಒಂದ್ಸಲ ಕಣ್ಣು ಬಿಟ್ಟ" ಎಂದರು ಗುರು. "ಪಕ್ಕದಲ್ಲಿ ಒಬ್ಬರು ಇದ್ದಾರೆ ಅಂತ ನೋಡಿದ."

ಮಧ್ಯಾಹ್ನಕ್ಕೆ ದುರುಗವ್ವನ ವಾಂತಿ ನಿಂತಿತು. ಬಿಸಿಲು ವಾಲಿದಾಗ ಅವಳು ಕಣ್ಣು ತೆರೆದು ಸುತ್ತ ನೋಡಿದಳು.

"ಏಯ್ ಪಾಳೇಗಾರ. ನನ್ನ ಎಬ್ಬಿಸು. ಒಂದಕ್ಕೆ ಹೋಗ್ಬೇಕು."

ಭರಮಣ್ಣ ಹಾಗೇ ನಿಂತ. ಮೂತ್ರ ಬಂದರೆ ಮೈಯಲ್ಲಿ ನೀರು ನಿಂತಿದೆ ಎಂದು ಅರ್ಥ. ಗುರು ಹೇಳಿಕೊಟ್ಟ ಒಂದೇ ಒಂದು ಒಳ್ಳೆಯ ಲಕ್ಷಣ ಅದು. ಅವನ ಕಣ್ಣು ತುಂಬಿತು.

"ಅದಕ್ಕೆ ಯಾರಾದ್ರೂ ಅಳ್ತಾರೇನೋ?" ಎಂದಳು ದುರುಗವ್ವ. "ನಿನ್ನೆ ತಲೆ ಹತ್ರ ಎಣ್ಣೆ ವಾಸನೆ ಬಂತು. ಯಾವ ಹಬ್ಬ ಮಾಡ್ತಿದ್ದೆ?"

ಅವನು ಅವಳನ್ನು ಮರೆಗೆ ಕರೆದುಕೊಂಡು ಹೋಗಿ, ಮರಳಿ ತಂದು ಮಲಗಿಸಿದ. ಗುರುವಿಗೆ ಹೇಳಲು ಒಳಗೆ ಓಡಿದ. ಅಲ್ಲಿ ಉಳಿದಿದ್ದ ರೋಗಿ ನಿದ್ದೆಯಲ್ಲಿದ್ದ. ಗುರು ಇರಲಿಲ್ಲ.

ಹಿತ್ತಲಲ್ಲಿ ಸಿಕ್ಕರು. ಬೇಲಿಯ ಗೂಟ ಹಿಡಿದು ನಿಂತಿದ್ದರು. ಬಾಯಿ ತೊಳೆದುಕೊಂಡಿದ್ದರು. ಗಡ್ಡದಿಂದ ನೀರು ತೊಟ್ಟಿಕ್ಕುತ್ತಿತ್ತು.

"ಗುರುಗಳೇ! ದುರುಗವ್ವ ಗೆದ್ದಳು!"

"ಒಳ್ಳೇದು" ಎಂದರು ಗುರು.

ಧ್ವನಿ ಒಡೆದಿತ್ತು.

ಭರಮಣ್ಣ ಗೂಟ ಹಿಡಿದಿದ್ದ ಆ ಕೈ ನೋಡಿದ. ಬೆರಳ ತುದಿಗಳು ಸುಕ್ಕಾಗಿದ್ದವು.

"ಯಾವಾಗಿಂದ?"

"ಮಣ್ಣು ಮಾಡಿ ಬಂದಾಗಿಂದ."

"ಯಾಕೆ ಹೇಳಲಿಲ್ಲ?"

"ನಿನ್ನ ಕೈಯಲ್ಲಿ ಒಳಲೆ ಇತ್ತು."

ಗುರು ಜಗಲಿಗೆ ನಡೆದು ಬಂದರು. ತಾವೇ ಒಂದು ಚಾಪೆ ಬಿಡಿಸಿದರು. ತಾವೇ ಅದರ ಮೇಲೆ ಮಲಗಿದರು. ಅಷ್ಟಕ್ಕೇ ಅವರಿಗೆ ಏದುಸಿರು ಬಂತು.

ಭರಮಣ್ಣ ಅವರ ಪಾದದ ಬಳಿ ಕೂತ. ಮುಟ್ಟಬಾರದೆಂದುಕೊಂಡರೂ ಕೈ ಹೋಯಿತು. ಪಾದ ತಣ್ಣಗಿತ್ತು. ಎಷ್ಟು ತಣ್ಣಗೆಂದು ಅವನ ಅಂಗೈಗೆ ಕೂಡಲೇ ತಿಳಿಯಿತು.

"ನನ್ನಿಂದ ಆಗಲ್ಲ" ಎಂದ. "ಆಚೆ ದಡಕ್ಕೆ ಹೋಗ್ತೀನಿ. ಯಾರನ್ನಾದ್ರೂ ಕರ್ಕೊಂಡು ಬರ್ತೀನಿ."

"ಯಾರು ಬರ್ತಾರೋ?" ಎಂದಳು ದುರುಗವ್ವ ತನ್ನ ಚಾಪೆಯಿಂದ. "ನನ್ನ ಮೈದುನನಾ?"

ಆಮೇಲೆ ಅವಳು ಮೊಣಕೈ ಊರಿ ತೆವಳಿಕೊಂಡು ಬಂದು, ಗಂಜಿಯ ಗಡಿಗೆಯನ್ನು ಅವನ ಕಡೆಗೆ ದೂಡಿದಳು. ಅಷ್ಟು ದೂಡಿದ್ದಕ್ಕೇ ಸುಸ್ತಾಗಿ ಅಲ್ಲೇ ತಲೆಯಿಟ್ಟಳು.

ಭರಮಣ್ಣ ಗಡಿಗೆ ನೋಡಿದ. ಗುರುವನ್ನು ನೋಡಿದ. ಹೊಳೆಯ ಮೇಲೆ ಒಂದು ಹರಿಗೋಲೂ ಇರಲಿಲ್ಲ.

ಅವನು ಒಳಲೆ ತುಂಬಿದ. ಅರ್ಧ ಚೆಲ್ಲಿತು. ಮತ್ತೆ ತುಂಬಿದ. ಗುರುವಿನ ತಲೆಯ ಬಳಿ ಕೂತ. ಆದರೆ ಕುಡಿಸಲಿಲ್ಲ. ಮೊದಲು ಕೇಳಿಕೊಳ್ಳಬೇಕಾದದ್ದು ಬಹಳವಿತ್ತು.

"ಗುರುಗಳೇ, ನನಗೆ ಭಯ ಆಗ್ತಿದೆ. ನಿನ್ನೆಗಿಂತ ಹೆಚ್ಚು."

ಗುರು ಅವನ ಕೈಯಲ್ಲಿದ್ದ ಒಳಲೆ ನೋಡಿದರು.

"ನಿನ್ನೆ ನೀವು ಪಕ್ಕದಲ್ಲಿದ್ರಿ. ಈಗ ನನ್ನ ಕೈ ಹಿಡಿಯೋರು ಯಾರು?"

ಗುರು ಕಣ್ಣು ಮುಚ್ಚಿಕೊಂಡರು.

"ನೀವು ಹೋಗಿಬಿಟ್ರೆ ನಾನು ಯಾರನ್ನ ಕೇಳ್ಲಿ? ಒಂದು ಮಾತು ಹೇಳಿ ಗುರುಗಳೇ. ಒಂದೇ ಮಾತು."

ಗುರುವಿನ ತುಟಿ ಅಲುಗಿತು. ಬಾಯಿ ತೆರೆಯಿತು. ಭರಮಣ್ಣ ಒಳಲೆಯನ್ನು ಎದೆಗೊತ್ತಿಕೊಂಡು, ಒಂದಕ್ಷರವೂ ತಪ್ಪಿಹೋಗದಿರಲೆಂದು, ಬಗ್ಗಿ ಆ ಬಾಯಿಯ ಹತ್ತಿರ ಕಿವಿಯಿಟ್ಟ.

"ಬಾಯಿ ತೆರೆದದ್ದು ಮಾತಾಡೋಕಲ್ಲ" ಎಂದರು ಗುರು. "ಹಾಕು."